ಹಳೆಯ ಗೇಮ್ ಯೂಸ್ಡ್ ಬೇಸ್‌ಬಾಲ್ ಬ್ಯಾಟ್‌ಗಳು: ಗುರುತಿಸುವುದು, ಮಾರುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ಅಮೆರಿಕದಲ್ಲಿ ಹಳೇ ಮನೆ ಕೊಂಡವರಿಗೆ ಗ್ಯಾರೇಜಿನ ಮೂಲೆಯಲ್ಲೋ ಅಟ್ಟದ ಮೇಲೋ ಒಂದು ಬ್ಯಾಟ್ ಸಿಗುತ್ತದೆ. ಇನ್ನು ಕೆಲವರು ಎಸ್ಟೇಟ್ ಸೇಲ್‌ನಲ್ಲಿ (ಹೆಚ್ಚಾಗಿ ತೀರಿಕೊಂಡವರ ಮನೆ ಸಾಮಾನಿನ ಮಾರಾಟ) ನಾಲ್ಕಾರು ಡಾಲರ್ ಕೊಟ್ಟು ತಂದಿರುತ್ತಾರೆ. ಬ್ಯಾಟ್ ಮೇಲೆ ದೊಡ್ಡ ಆಟಗಾರನ ಹೆಸರಿರುತ್ತದೆ. ಆಮೇಲೆ ಫೋನು, ಫೋಟೋ, ಪ್ರಶ್ನೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಹೇಳಿರುವುದೆಲ್ಲ ಮರದ ಬ್ಯಾಟ್‌ಗಳ ಬಗ್ಗೆ, ಅದರಲ್ಲೂ ಹೆಚ್ಚಾಗಿ 1980ರ ದಶಕಕ್ಕಿಂತ ಹಿಂದಿನವುಗಳ ಬಗ್ಗೆ.

## ಶುರುವಿನ ಪ್ರಶ್ನೆಗಳು

ಗ್ಯಾರೇಜಲ್ಲಿ ಬೇಬ್ ರೂತ್ ಹೆಸರಿರೋ ಬ್ಯಾಟ್ ಸಿಕ್ಕಿದೆ. ಮನೆ ಸಾಲ ಎಲ್ಲಾ ತೀರುತ್ತಾ?

ಬಹುಶಃ ಇಲ್ಲ. ಬೇಬ್ ರೂತ್ ಬೇಸ್‌ಬಾಲ್‌ನ ಅತಿ ದೊಡ್ಡ ಹೆಸರುಗಳಲ್ಲಿ ಒಂದು, ನಿಜ. ಬ್ಯಾಟ್ ಮೇಲಿನ ಹೆಸರು ಅದನ್ನು ಹಿಡಿದು ಆಡಿದವನ ಹೆಸರೇ ಆಗಿರಬೇಕು ಅಂತೇನಿಲ್ಲ. 1905ರಲ್ಲಿ ಹೋನಸ್ ವಾಗ್ನರ್ ಎಂಬ ಆಟಗಾರ ಲೂಯಿವಿಲ್ ಸ್ಲಗ್ಗರ್ ಬ್ಯಾಟ್ ಮಾಡುವ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ತನ್ನ ಸಹಿಯನ್ನು ಬ್ಯಾಟ್ ಮೇಲೆ ಹಾಕಿ ಮಾರಬಹುದು ಎಂಬುದೇ ಆ ಒಪ್ಪಂದ. ಅಲ್ಲಿಂದ ಮುಂದೆ ಹೆಸರಾದ ಆಟಗಾರರ ಸಹಿಗಳೆಲ್ಲ ಅಂಗಡಿ ಬ್ಯಾಟ್‌ಗಳ ಮೇಲೆ ಬಂದವು. ಶಾಲೆ ಹುಡುಗರು ಅವನ್ನೇ ಕೊಂಡು ಆಡಿದರು. ನಮ್ಮೂರಲ್ಲಿ ಸಚಿನ್ ಸ್ಟಿಕ್ಕರ್ ಹಚ್ಚಿದ ಕ್ರಿಕೆಟ್ ಬ್ಯಾಟ್ ಬೀದಿಬೀದಿಯ ಅಂಗಡಿಯಲ್ಲೂ ತೂಗಾಡುತ್ತಿತ್ತಲ್ಲ, ಹಾಗೆ.

ಹಾಗಂತ ಎಸೆಯಬೇಡಿ. ಚೆನ್ನಾಗಿ ಉಳಿದಿರುವ ಹಳೆಯ ಅಂಗಡಿ ಬ್ಯಾಟ್‌ಗೂ ಕೊಳ್ಳುವವರಿದ್ದಾರೆ. ಲಕ್ಷಾಂತರ ಡಾಲರ್ ಕನಸು ಮಾತ್ರ ಸದ್ಯಕ್ಕೆ ಬದಿಗಿಡಿ.

ಗೇಮ್ ಯೂಸ್ಡ್, ಗೇಮ್ ಇಶ್ಯೂಡ್, ಸ್ಟೋರ್ ಮಾಡೆಲ್ ಅಂತೀರಲ್ಲ, ಏನು ವ್ಯತ್ಯಾಸ?

ಸ್ಟೋರ್ ಮಾಡೆಲ್ ಅಂದರೆ ಅಂಗಡಿಯಲ್ಲಿ ಜನರಿಗೆ ಮಾರಿದ್ದು. ಗೇಮ್ ಇಶ್ಯೂಡ್ ಅಂದರೆ ಕಾರ್ಖಾನೆಯವರು ಆಟಗಾರನಿಗಾಗಿಯೇ, ಅವನು ಹೇಳಿದ ಅಳತೆಗೆ ಮಾಡಿ ಕಳಿಸಿದ್ದು, ಆದರೆ ಪಂದ್ಯದಲ್ಲಿ ಆಡಿದ ಗುರುತು ಕಾಣದ್ದು. ಗೇಮ್ ಯೂಸ್ಡ್ ಅಂದರೆ ಹಾಗೆ ಬಂದ ಬ್ಯಾಟ್‌ನಲ್ಲಿ ನಿಜವಾಗಿ ಆಡಿದ್ದು.

ಇವುಗಳ ನಡುವೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಜಾತಿ ಇದೆ. ಬ್ಯಾಟ್ ಒಬ್ಬ ಆಟಗಾರನ ಹೆಸರಲ್ಲಿ ಬಂದಿರುತ್ತದೆ, ಆಡಿದವನು ಅವನ ತಂಡದ ಬೇರೊಬ್ಬ. ಒಬ್ಬರ ಬ್ಯಾಟ್ ಇನ್ನೊಬ್ಬರು ಕೇಳಿ ಪಡೆಯುವುದು ಬೇಸ್‌ಬಾಲ್‌ನಲ್ಲಿ ಹಿಂದಿನಿಂದಲೂ ಇದ್ದದ್ದೇ. ಇಂಥ ಬ್ಯಾಟ್ ಗೇಮ್ ಯೂಸ್ಡ್ ಹೌದು, ಆದರೆ ನೀವು ಅಂದುಕೊಂಡವನದಲ್ಲ.

ಅಂಗಡಿ ಬ್ಯಾಟೋ ಪ್ರೊ ಬ್ಯಾಟೋ ಅಂತ ಮನೇಲೇ ತಿಳ್ಕೊಳ್ಳೋದು ಹೇಗೆ?

ಪ್ರೊ ಬ್ಯಾಟ್ ಅಂದರೆ ವೃತ್ತಿಪರ ಆಟಗಾರನಿಗೆ ಮಾಡಿದ್ದು. ಮೊದಲು ನಾಬ್ ನೋಡಿ. ನಾಬ್ ಅಂದರೆ ಹ್ಯಾಂಡಲ್ ತುದಿಯ ಗುಂಡು. ಅದರ ಮೇಲೆ 32, 33, 34 ಅಂತ ಒಂದು ಸಂಖ್ಯೆ ಮಾತ್ರ ಒತ್ತಿದ್ದರೆ ಅದು ಇಂಚಿನಲ್ಲಿ ಉದ್ದ. ಅಂಗಡಿಯಲ್ಲಿ ಗಿರಾಕಿಗೆ ಅಳತೆ ಸುಲಭವಾಗಿ ಕಾಣಲಿ ಅಂತ ಹಾಕಿದ್ದು. ಆಟಗಾರನಿಗೆ ಕಳಿಸುವ ಬ್ಯಾಟ್‌ಗೆ ಅದು ಬೇಕಿರಲಿಲ್ಲ. ನನಗೆ ಬರುವ ಫೋಟೋಗಳಲ್ಲಿ ಹೆಚ್ಚಿನವು ಈ ಒಂದು ಪರೀಕ್ಷೆಯಲ್ಲೇ ಮುಗಿಯುತ್ತವೆ.

ನಂತರ ಮಧ್ಯದ ಲೇಬಲ್, ಅಂದರೆ ಮರದ ಮೇಲೆ ಸುಟ್ಟು ಒತ್ತಿದ ಕಂಪನಿಯ ಗುರುತು. ಲೂಯಿವಿಲ್ ಸ್ಲಗ್ಗರ್ ಆದರೆ ಅಲ್ಲಿ 125 ಎಂಬ ಸಂಖ್ಯೆ ಹುಡುಕಿ. ಆಟಗಾರರಿಗೆ ಮಾಡಿದ ಬ್ಯಾಟ್‌ಗಳ ದರ್ಜೆ ಅದು. 125 ಇಲ್ಲದೆ ಬೇರೆ ಸಂಖ್ಯೆ ಇದ್ದರೆ ಅಂಗಡಿ ಬ್ಯಾಟ್ ಅಂತಲೇ ಇಟ್ಟುಕೊಳ್ಳಿ. ಆದರೆ 125 ಇದ್ದ ಮಾತ್ರಕ್ಕೆ ಕುಣಿಯಬೇಡಿ. ಅಂಗಡಿಯ ದುಬಾರಿ ಬ್ಯಾಟ್‌ಗಳ ಮೇಲೂ ಅದೇ ಸಂಖ್ಯೆ ಬರುತ್ತಿತ್ತು.

ಆಮೇಲೆ ಅಳತೆ ಟೇಪು, ತಕ್ಕಡಿ. ಹಳೆಯ ಪ್ರೊ ಬ್ಯಾಟ್‌ಗಳು ಸಾಮಾನ್ಯವಾಗಿ 33ರಿಂದ 36 ಇಂಚು ಇರುತ್ತವೆ. 30 ಇಂಚಿನ ಬ್ಯಾಟ್ ಮಕ್ಕಳದು. ಲಿಟಲ್ ಲೀಗ್ ಅಂತ ಬರೆದಿದ್ದರಂತೂ ಮುಂದೆ ಏನೂ ನೋಡಬೇಕಾಗಿಲ್ಲ.

ಧೂಳು, ಕಪ್ಪು ಅಂಟು ತುಂಬಿದೆ. ಒರೆಸಿ ಪಾಲಿಶ್ ಮಾಡಿಸ್ಲಾ?

ದಯವಿಟ್ಟು ಬೇಡ. ಆ ಕಪ್ಪು ಅಂಟೇ ಪೈನ್ ಟಾರ್ ಇರಬಹುದು, ಅಂದರೆ ಆಟಗಾರ ಹಿಡಿತಕ್ಕಾಗಿ ಬಳಿದದ್ದು. ಅದು ಸಾಕ್ಷಿ. ಮರಳು ಕಾಗದ, ವಾರ್ನಿಶ್, ಎಣ್ಣೆ, ಸೋಪು ಯಾವುದೂ ಬೇಡ. ಒಣ ಮೆತ್ತನೆ ಬಟ್ಟೆಯಲ್ಲಿ ಸಡಿಲ ಧೂಳು ತೆಗೆದರೆ ಸಾಕು. ಹ್ಯಾಂಡಲ್‌ಗೆ ಸುತ್ತಿದ ಹಳೇ ಟೇಪ್ ಇದ್ದರೆ ಅದನ್ನೂ ಬಿಚ್ಚಬೇಡಿ. ಬಿಸಿಲು, ಹೀಟರ್ ಪಕ್ಕ, ತೇವದ ನೆಲಮಾಳಿಗೆ ಈ ಮೂರು ಕಡೆ ಬಿಟ್ಟು ಮನೆಯೊಳಗೆ ಎಲ್ಲಿ ಬೇಕಾದರೂ ಇಡಿ.

## ಬ್ಯಾಟ್ ನೋಡಿ ಓದುವುದು

ಲೇಬಲ್ ನೋಡಿ ಯಾವ ಕಾಲದ್ದು ಅಂತ ಹೇಳಬಹುದಾ?

ಹೇಳಬಹುದು. ನಕಲಿಗಳು ಸಿಕ್ಕಿಬೀಳುವುದೂ ಹೆಚ್ಚಾಗಿ ಇಲ್ಲೇ. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಕಂಪನಿ ಮೊದಲು ಜೆ.ಎಫ್. ಹಿಲರಿಕ್ ಅಂಡ್ ಸನ್ ಎಂಬ ಹೆಸರಲ್ಲಿತ್ತು. 1916ರಲ್ಲಿ ಹಿಲರಿಕ್ ಅಂಡ್ ಬ್ರಾಡ್ಸ್‌ಬಿ ಆಯಿತು. ಆದ್ದರಿಂದ ಹಿಲರಿಕ್ ಅಂಡ್ ಸನ್ ಅಂತ ಸುಟ್ಟ ಲೇಬಲ್ ಇದ್ದರೆ ಬ್ಯಾಟ್ ನೂರು ವರ್ಷಕ್ಕೂ ಹಳೆಯದು. ನಂತರ ಬಹಳ ಕಾಲ ಲೇಬಲ್‌ನ ಮಧ್ಯದಲ್ಲಿ ಹಿಲರಿಕ್ ಅಂಡ್ ಬ್ರಾಡ್ಸ್‌ಬಿ ಎಂಬ ಹೆಸರೇ ಇತ್ತು. 1976ರಲ್ಲಿ, ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದಾಗ, ಲಿಬರ್ಟಿ ಬೆಲ್ ಗಂಟೆಯ ಚಿತ್ರ ಸೇರಿಸಿದರು. 1980ರಲ್ಲಿ ಮಧ್ಯದ ಹೆಸರನ್ನೇ ಲೂಯಿವಿಲ್ ಸ್ಲಗ್ಗರ್ ಅಂತ ಬದಲಿಸಿದರು. 2015ರಲ್ಲಿ ವಿಲ್ಸನ್ ಕಂಪನಿ ಆ ಬ್ರಾಂಡನ್ನು ಕೊಂಡಿತು.

ಇದನ್ನು ಬಳಸುವುದು ಹೇಗೆ ಅಂತೀರಾ? ಮಿಕ್ಕಿ ಮ್ಯಾಂಟಲ್ ಆಡಿದ್ದು 1951ರಿಂದ 1968ರವರೆಗೆ. ಅವನ ಹೆಸರಿನ ಬ್ಯಾಟ್‌ನ ಲೇಬಲ್ ಮಧ್ಯದಲ್ಲಿ ಲೂಯಿವಿಲ್ ಸ್ಲಗ್ಗರ್ ಅಂತಿದ್ದರೆ, ಆ ಬ್ಯಾಟ್ ಹುಟ್ಟುವಾಗ ಅವನು ನಿವೃತ್ತನಾಗಿ ಹನ್ನೊಂದು ವರ್ಷವಾದರೂ ಆಗಿತ್ತು. ಅದು ನೆನಪಿಗೆ ಮಾಡಿದ್ದು ಇರಬಹುದು, ಸಹಿಗೆಂದು ಮಾಡಿದ್ದು ಇರಬಹುದು, ಪಂದ್ಯದ್ದಂತೂ ಅಲ್ಲ. ಮೊದಲು ಆಟಗಾರ ಯಾವ ವರ್ಷದಿಂದ ಯಾವ ವರ್ಷದವರೆಗೆ ಆಡಿದ ಅಂತ ಬರೆದಿಟ್ಟುಕೊಳ್ಳಿ, ಆಮೇಲೆ ಲೇಬಲ್ ನೋಡಿ.

ಎಲ್ಲ ಬ್ಯಾಟೂ ಲೂಯಿವಿಲ್‌ದಲ್ಲ ಅನ್ನುವುದೂ ನೆನಪಿರಲಿ. ನ್ಯೂಯಾರ್ಕ್ ರಾಜ್ಯದ ಡಾಲ್ಜ್‌ವಿಲ್ ಎಂಬ ಸಣ್ಣ ಊರಿನ ಅಡಿರಾಂಡ್ಯಾಕ್ ಬ್ಯಾಟ್‌ಗಳೂ ಇದ್ದವು. ಹೆಸರಾಂತ ಆಟಗಾರ ವಿಲ್ಲಿ ಮೇಸ್ ಅವನ್ನು ಬಳಸುತ್ತಿದ್ದ. 1970ರ ದಶಕದಿಂದ ಅವುಗಳ ಮೇಲೆ ಬಣ್ಣದ ಉಂಗುರ ಕಾಣಿಸುತ್ತದೆ.

ನಾಬ್ ಮೇಲೆ ಎಸ್2, ಕೆ55 ಅಂತೆಲ್ಲ ಇದೆ. ಇದೇನು ಕೋಡ್?

ಇದು ಲೂಯಿವಿಲ್ ಕಾರ್ಖಾನೆಯ ಮಾಡೆಲ್ ನಂಬರು. ಒಂದು ಆಕಾರವನ್ನು ಮೊದಲು ಯಾರಿಗಾಗಿ ಮಾಡಿದರೋ ಅವನ ಮನೆತನದ ಹೆಸರಿನ ಮೊದಲ ಅಕ್ಷರ, ಆ ಅಕ್ಷರದಲ್ಲಿ ಅದು ಎಷ್ಟನೆಯದು ಅನ್ನುವ ಸಂಖ್ಯೆ, ಅಷ್ಟೇ. ಆರ್43 ಬೇಬ್ ರೂತ್‌ಗೆ ಮಾಡಿದ್ದು. ಕೆ55 ಚಕ್ ಕ್ಲೈನ್‌ಗೆ. ಎಸ್2 ವರ್ನ್ ಸ್ಟೀಫನ್ಸ್‌ಗೆ. ಇಂಥ ಅಕ್ಷರ-ಸಂಖ್ಯೆ ನಾಬ್ ಮೇಲಿದ್ದರೆ ಒಳ್ಳೇ ಲಕ್ಷಣ. ಅಂಗಡಿ ಬ್ಯಾಟ್‌ನ ಉದ್ದದ ಸಂಖ್ಯೆಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ.

ಜಾಗವೂ ಕಾಲ ಹೇಳುತ್ತದೆ. 1940ರ ದಶಕದಲ್ಲಿ ಈ ನಂಬರನ್ನು ನಾಬ್ ಮೇಲೆ ಒತ್ತುವುದು ಶುರುವಾಯಿತು. 1970ರ ದಶಕದ ಮಧ್ಯದಲ್ಲಿ ಅದು ಬ್ಯಾರೆಲ್ ಮೇಲೆ, ಅಂದರೆ ಚೆಂಡಿಗೆ ಹೊಡೆಯುವ ದಪ್ಪ ಭಾಗದ ಮೇಲೆ ಹೋಯಿತು.

ಒಂದು ಎಚ್ಚರಿಕೆ. ಮಾಡೆಲ್ ನಂಬರ್ ಆಕಾರ ಹೇಳುತ್ತದೆ, ಆಡಿದವನನ್ನಲ್ಲ. ಸಿ271 ಹೊಸೆ ಕಾರ್ಡೆನಾಲ್‌ಗೆ ಮಾಡಿದ ಆಕಾರ. ಮುಂದೆ ಅದನ್ನು ಕೆನ್ ಗ್ರಿಫಿ ಜೂನಿಯರ್ ಸೇರಿ ಎಷ್ಟೋ ಜನ ಬಳಸಿದರು. ಪಿ72 ಅಂತೂ ಲೆಸ್ ಪಿಂಕಮ್ ಎಂಬ, ಮೇಜರ್ ಲೀಗ್ (ಅಮೆರಿಕದ ಅತಿ ಎತ್ತರದ ಬೇಸ್‌ಬಾಲ್ ಲೀಗ್) ಮುಟ್ಟದ ಆಟಗಾರನದು. ಡೆರೆಕ್ ಜೀಟರ್ ಜೀವಮಾನವಿಡೀ ಆಡಿದ್ದು ಅದರಲ್ಲೇ. 2014ರಲ್ಲಿ ಜೀಟರ್ ನಿವೃತ್ತನಾದಾಗ ಕಂಪನಿ ಅವನ ಗೌರವಕ್ಕೆ ಆ ನಂಬರನ್ನೇ ನಿಲ್ಲಿಸಿ, ಅದೇ ಆಕಾರಕ್ಕೆ ಡಿಜೆ2 ಅಂತ ಹೆಸರಿಟ್ಟಿತು.

ಸಹಿ ತರ ಇಲ್ಲ, ಹೆಸರು ಅಚ್ಚಿನ ಅಕ್ಷರದಲ್ಲಿದೆ. ನಕಲಿನಾ?

ಉಲ್ಟಾ. ಎಷ್ಟೋ ಸಲ ಇದು ಸಂತೋಷದ ಸುದ್ದಿ. ಕಂಪನಿ ಜೊತೆ ಒಪ್ಪಂದ ಇಲ್ಲದ ಆಟಗಾರರ ಬ್ಯಾಟ್‌ಗೆ ಸಹಿ ಬದಲು ಅಚ್ಚಿನ ಅಕ್ಷರದಲ್ಲಿ ಹೆಸರು ಹಾಕುತ್ತಿದ್ದರು. ಅಂಗಡಿಯಲ್ಲಿ ಮಾರಲು ಬೇಕಾದದ್ದು ಹೆಸರಾಂತ ಸಹಿ. ಯಾರಿಗೂ ಗೊತ್ತಿಲ್ಲದ ಆಟಗಾರನ ಅಚ್ಚಿನ ಹೆಸರು ಇರುವ ಬ್ಯಾಟ್ ಅಂಗಡಿಗೆ ಹೋಗುವ ಸಂಭವ ಕಡಿಮೆ. ಬೆಲೆ ಕೂಡ ಕಡಿಮೆಯೇ ಇರುತ್ತದೆ ಬಿಡಿ, ಆದರೆ ಅಸಲಿ ಪ್ರೊ ಬ್ಯಾಟ್ ಆಗಿರುವ ಸಂಭವ ಜಾಸ್ತಿ.

ಮರ ನೋಡಿ ಏನಾದ್ರೂ ಗೊತ್ತಾಗುತ್ತಾ?

ಸ್ವಲ್ಪ ಗೊತ್ತಾಗುತ್ತದೆ. ಹಳೇ ಕಾಲದಲ್ಲಿ ಭಾರವಾದ ಹಿಕರಿ ಮರದ ಬ್ಯಾಟ್‌ಗಳಿದ್ದವು. ಆಮೇಲೆ ದಶಕಗಟ್ಟಲೆ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಾಡುಗಳ ಬಿಳಿ ಆ್ಯಶ್ ಮರದ್ದೇ ರಾಜ್ಯ. ಆ್ಯಶ್‌ನಲ್ಲಿ ಎಳೆಗಳು ದಪ್ಪ ಗೆರೆಗಳಾಗಿ ಕಾಣುತ್ತವೆ. ಮೇಪಲ್ ನುಣುಪು, ಗೆರೆ ಅಷ್ಟು ಕಾಣುವುದಿಲ್ಲ. ಕೆನಡಾದ ಒಟ್ಟಾವಾದ ಸ್ಯಾಮ್ ಹೋಲ್ಮನ್ 1990ರ ದಶಕದ ಕೊನೆಯಲ್ಲಿ ಮೇಪಲ್ ಬ್ಯಾಟ್‌ಗಳನ್ನು ಮೇಜರ್ ಲೀಗ್‌ಗೆ ತಂದ. 2001ರಲ್ಲಿ ಬ್ಯಾರಿ ಬಾಂಡ್ಸ್ ಮೇಪಲ್ ಹಿಡಿದು 73 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರಿನಂಥದ್ದು) ಹೊಡೆದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಹಾಗಾಗಿ 1950ರ ದಶಕದ್ದು ಅಂತ ಹೇಳುವ ಮೇಪಲ್ ಬ್ಯಾಟ್ ಕಂಡರೆ ಪರ್ಸು ಒಳಗೇ ಇರಲಿ.

ಆಡಿದ ಗುರುತು ಅಂದ್ರೆ ಏನನ್ನ ನೋಡ್ತೀರಿ? ಎಲ್ಲಾ ಹಳೇ ಬ್ಯಾಟಲ್ಲೂ ಗೀಚು ಇರುತ್ತಲ್ವಾ?

ಗೀಚು ಇರುತ್ತದೆ, ಆದರೆ ಎಲ್ಲಿ ಇದೆ ಅನ್ನುವುದು ಮುಖ್ಯ. ಲೇಬಲ್ ಮೇಲ್ಮುಖವಾಗಿ ಇರುವಂತೆ ಬ್ಯಾಟ್ ಹಿಡಿಯಬೇಕು ಅಂತ ಆಟಗಾರರಿಗೆ ಚಿಕ್ಕಂದಿನಿಂದಲೇ ಹೇಳಿಕೊಟ್ಟಿರುತ್ತಾರೆ. ಆಗ ಚೆಂಡು ಆ್ಯಶ್‌ನ ಗಟ್ಟಿ ಮಗ್ಗುಲಿಗೆ ಬೀಳುತ್ತದೆ, ಬ್ಯಾಟ್ ಬೇಗ ಸೀಳುವುದಿಲ್ಲ. ಹೀಗೆ ಹಿಡಿದಾಗ ಬಲಗೈ ಆಟಗಾರನ ಚೆಂಡಿನ ಗುರುತು ಬ್ಯಾರೆಲ್‌ನ ಒಂದು ಮಗ್ಗುಲಲ್ಲಿ, ಎಡಗೈ ಆಟಗಾರನದು ಇನ್ನೊಂದು ಮಗ್ಗುಲಲ್ಲಿ ಒತ್ತಾಗಿ ಇರುತ್ತದೆ. ಎಡಗೈ ಆಟಗಾರನ ಬ್ಯಾಟ್ ಅಂತ ಹೇಳಿ, ಗುರುತೆಲ್ಲ ಬಲಗೈಯವನ ಮಗ್ಗುಲಲ್ಲಿ ಇದ್ದರೆ? ಅಲ್ಲಿಗೆ ಅನುಮಾನ ಶುರು. ಸುತ್ತಲೂ ಒಂದೇ ಸಮ ಗುರುತು ಇದ್ದರೂ ಅನುಮಾನವೇ. ಅದು ಪಾರ್ಕಿನಲ್ಲಿ ಮಕ್ಕಳು ಆಡಿದ್ದೋ, ಯಾರೋ ಕೂತು ಹೊಡೆದು ಮಾಡಿದ್ದೋ ಇರಬಹುದು.

ಚೆಂಡು ಬಲವಾಗಿ ಬಿದ್ದಾಗ ಅದರ ಹೊಲಿಗೆ ಮರದಲ್ಲಿ ಸಣ್ಣ ಸಾಲಾಗಿ ಅಚ್ಚು ಬಿಡುತ್ತದೆ. ಗಂಟೆಗೆ 90 ಮೈಲಿ ವೇಗದ ಚೆಂಡಿಗೂ ಮಕ್ಕಳು ಎಸೆದ ಚೆಂಡಿಗೂ ಈ ಅಚ್ಚಿನ ಆಳದಲ್ಲಿ ವ್ಯತ್ಯಾಸ ಇರುತ್ತದೆ. ತುಂಬಾ ಆಡಿದ ಆ್ಯಶ್ ಬ್ಯಾಟ್‌ನಲ್ಲಿ ಎಳೆಗಳು ಒಣಗಿ ಪದರ ಪದರವಾಗಿ ಮೇಲೇಳುತ್ತವೆ. ಇದನ್ನು ಡೆಡ್‌ವುಡ್ ಅನ್ನುತ್ತಾರೆ. ಬ್ಯಾಟ್ ರ‍್ಯಾಕ್‌ಗೆ ತಳ್ಳಿ ಎಳೆದು ಅದರ ಬಣ್ಣ ಅಡ್ಡಗೆರೆಯಾಗಿ ಅಂಟಿರುತ್ತದೆ. ಬೂಟಿನ ಮಣ್ಣು ಕೆಡವಲು ಬ್ಯಾಟ್‌ನಿಂದ ತಟ್ಟಿದಾಗ ಬೂಟಿನ ಮೊಳೆ ಚುಚ್ಚಿದ ಗುರುತು ಬೀಳುತ್ತದೆ. ಈ ಕೊನೆಯ ಎರಡು ನನಗೆ ಬಹಳ ಇಷ್ಟ. ನಕಲಿ ಮಾಡುವವರು ಚೆಂಡಿನ ಗುರುತಿಗೆ ಕೊಡುವಷ್ಟು ಗಮನ ಇವಕ್ಕೆ ಕೊಡುವುದಿಲ್ಲ.

ಇನ್ನು ಆಟಗಾರನ ಸ್ವಂತ ಅಭ್ಯಾಸಗಳು. ಟೈ ಕಾಬ್ ಹ್ಯಾಂಡಲ್‌ಗೆ ಟೇಪ್ ಸುತ್ತುತ್ತಿದ್ದ. ಬೇಬ್ ರೂತ್ ಕೆಲವು ಬ್ಯಾಟ್‌ಗಳಲ್ಲಿ ಹೋಮ್ ರನ್ ಹೊಡೆದಾಗಲೆಲ್ಲ ಲೇಬಲ್ ಸುತ್ತ ಒಂದು ಕಚ್ಚು ಕೆತ್ತುತ್ತಿದ್ದ. ಅವನು 1927ರಲ್ಲಿ ಬಳಸಿದ, 21 ಕಚ್ಚುಗಳಿರುವ ಬ್ಯಾಟ್ ಲೂಯಿವಿಲ್‌ನ ಮ್ಯೂಸಿಯಂನಲ್ಲಿದೆ. ರಾಬರ್ಟೊ ಕ್ಲೆಮೆಂಟೆ ನಾಬ್ ಹೆಚ್ಚುಕಡಿಮೆ ಇಲ್ಲದ ಯು1 ಮಾಡೆಲ್ ಬಳಸುತ್ತಿದ್ದ. ಜಾರ್ಜ್ ಬ್ರೆಟ್ ಪೈನ್ ಟಾರನ್ನು ಎಷ್ಟು ಮೇಲೆ ಬಳಿಯುತ್ತಿದ್ದ ಅಂದರೆ, 1983ರ ಜುಲೈ 24ರಂದು ನಿಯಮದ 18 ಇಂಚು ದಾಟಿದೆ ಅಂತ ಅಂಪೈರ್ ಅವನ ಹೋಮ್ ರನ್ನನ್ನೇ ರದ್ದು ಮಾಡಿದ. ಆಮೇಲೆ ಲೀಗ್ ಅಧ್ಯಕ್ಷರು ಆ ರನ್ ವಾಪಸ್ ಕೊಟ್ಟರು. ಬ್ಯಾಟ್ ಈಗ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿದೆ, ಅಂದರೆ ಬೇಸ್‌ಬಾಲ್‌ನ ಶ್ರೇಷ್ಠ ಆಟಗಾರರನ್ನು ಗೌರವಿಸುವ ಮ್ಯೂಸಿಯಂನಲ್ಲಿ. ಇಂಥ ಅಭ್ಯಾಸ ಬ್ಯಾಟ್ ಮೇಲೆ ಕಂಡರೆ ಆ ಆಟಗಾರನೇ ಹಿಡಿದದ್ದು ಅನ್ನುವ ಮಾತಿಗೆ ಬಲ ಬರುತ್ತದೆ.

ಆಟಗಾರನೇ ನಮ್ಮಜ್ಜನಿಗೆ ಕೈಯಾರೆ ಕೊಟ್ಟಿದ್ದು ಅಂತ ಮಾರಿದವರು ಹೇಳಿದ್ರು. ಸಾಕಲ್ವಾ?

ಸಾಲದು. ಕಥೆ ನಿಜವಿರಬಹುದು, ಆದರೆ ಬ್ಯಾಟ್ ಅದನ್ನು ಒಪ್ಪಬೇಕು. ನನ್ನ ಕ್ರಮ ಯಾವಾಗಲೂ ಒಂದೇ: ಮೊದಲು ಬ್ಯಾಟ್, ಆಮೇಲೆ ಕಾಗದ, ಕೊನೆಗೆ ಕಥೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ. ಕಥೆ ಕೇಳಿ ಮನಸ್ಸು ಕರಗಿದ ಮೇಲೆ ನಾಬ್ ಮೇಲಿನ 34 ಕಣ್ಣಿಗೇ ಬೀಳುವುದಿಲ್ಲ.

ಬೆಲೆ ಇರುವುದು ಆ ಕಾಲದಲ್ಲೇ ಹುಟ್ಟಿದ ಕಾಗದಕ್ಕೆ. ಬ್ಯಾಟ್ ಜೊತೆ ಬಂದ ತಂಡದ ಪತ್ರ, ಅಜ್ಜ ಬ್ಯಾಟ್ ಹಿಡಿದು ನಿಂತ ಹಳೇ ಫೋಟೋ, ಊರ ಪತ್ರಿಕೆಯ ತುಣುಕು, ಅಜ್ಜ ಬ್ಯಾಟ್‌ಬಾಯ್ (ತಂಡದ ಬ್ಯಾಟ್‌ಗಳನ್ನು ನೋಡಿಕೊಳ್ಳುವ ಹುಡುಗ) ಆಗಿದ್ದ ಅನ್ನುವುದಕ್ಕೆ ದಾಖಲೆ. ಇವತ್ತು ನೋಟರಿ ಮುಂದೆ ಬರೆಸಿದ ಅಫಿಡವಿಟ್ ಕೂಡ ಇಟ್ಟುಕೊಳ್ಳಿ, ತೊಂದರೆ ಇಲ್ಲ. ಆದರೆ ನೋಟರಿ ನೋಡುವುದು ಸಹಿ ಮಾಡಿದವರು ಯಾರು ಅಂತ ಮಾತ್ರ. ಅವರು ಹೇಳಿದ್ದು ನಿಜವೋ ಅಂತಲ್ಲ.

## ಪ್ರಮಾಣಪತ್ರದ ಪ್ರಶ್ನೆಗಳು

ಯಾರ ಸರ್ಟಿಫಿಕೇಟ್‌ಗೆ ಬೆಲೆ ಇದೆ? ಅವರು ಏನು ಮಾಡ್ತಾರೆ?

ಹಳೇ ಬ್ಯಾಟ್‌ಗಳಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು ಪಿಎಸ್‌ಎ ಮತ್ತು ಮಿಯರ್ಸ್. ಇಬ್ಬರೂ ಹತ್ತರವರೆಗಿನ ಅಂಕ ಕೊಡುತ್ತಾರೆ. ಪಿಎಸ್‌ಎ ಅಂಕದ ಮುಂದೆ ಜಿಯು, ಮಿಯರ್ಸ್ ಅಂಕದ ಮುಂದೆ ಎ ಇರುತ್ತದೆ. ಈ ಅಂಕ ಬ್ಯಾಟ್ ಎಷ್ಟು ಅಂದವಾಗಿದೆ ಅನ್ನುವುದಕ್ಕಲ್ಲ. ಕಾರ್ಖಾನೆ ದಾಖಲೆಗೆ ಹೊಂದುತ್ತದೆಯೇ, ಆಡಿದ ಗುರುತು ಎಷ್ಟಿದೆ, ಆಟಗಾರನ ಅಭ್ಯಾಸ ಕಾಣುತ್ತದೆಯೇ, ಬಂದ ದಾರಿ ಗಟ್ಟಿಯೇ, ಇವೆಲ್ಲ ಸೇರಿ ಅಂಕ. ಹಾಗಾಗಿ ಸೀಳು ಬಿಟ್ಟ, ಟಾರ್ ಮೆತ್ತಿದ ಬ್ಯಾಟ್‌ಗೆ 9 ಬಂದು, ಫಳಫಳ ಹೊಳೆಯುವ ಬ್ಯಾಟ್‌ಗೆ 5 ಬರಬಹುದು.

ಕಾರ್ಖಾನೆ ದಾಖಲೆ ಅಂದೆನಲ್ಲ, ಇಡೀ ಕೆಲಸದ ಬೆನ್ನೆಲುಬು ಅದೇ. ಯಾವ ಆಟಗಾರನಿಗೆ ಯಾವ ದಿನ ಯಾವ ಮಾಡೆಲ್, ಎಷ್ಟು ಉದ್ದ, ಎಷ್ಟು ಔನ್ಸ್ ಬ್ಯಾಟ್ ಕಳಿಸಿದರು ಅನ್ನುವುದು ಹಿಲರಿಕ್ ಅಂಡ್ ಬ್ರಾಡ್ಸ್‌ಬಿಯ ಪುಸ್ತಕಗಳಲ್ಲಿದೆ. ಸುಮಾರು 1930ರಿಂದ ಈಚೆಗೆ ಇವು ಚೆನ್ನಾಗಿ ಸಿಗುತ್ತವೆ. ನಿಮ್ಮ ಬ್ಯಾಟ್ 35 ಇಂಚು, ಆ ಆಟಗಾರ ಜೀವನದಲ್ಲೇ 35 ಇಂಚು ತರಿಸಿರಲಿಲ್ಲ ಅಂದರೆ ಮಾತು ಮುಗಿಯಿತು. ತೂಕದಲ್ಲಿ ಮಾತ್ರ ಸ್ವಲ್ಪ ಬಿಡಬೇಕು. ಮರ ದಶಕಗಳಲ್ಲಿ ಒಣಗುತ್ತದೆ. ದಾಖಲೆಯಲ್ಲಿ 34 ಔನ್ಸ್ ಇದ್ದದ್ದು ಇವತ್ತು 33 ತೂಗಿದರೆ ಯಾರೂ ಹುಬ್ಬೇರಿಸುವುದಿಲ್ಲ. ಜಾಸ್ತಿ ತೂಗಿದರೆ ಮಾತ್ರ ಯಾಕೆ ಅಂತ ಕೇಳುತ್ತಾರೆ.

ಶುಲ್ಕ ಕಟ್ಟುವ ಮೊದಲು ಮೇಲೆ ಹೇಳಿದ ಮನೆ ಪರೀಕ್ಷೆಗಳನ್ನು ಮುಗಿಸಿ. ಅಂಗಡಿ ಬ್ಯಾಟನ್ನು ಅಂಗಡಿ ಬ್ಯಾಟ್ ಅಂತ ಹೇಳಿಸಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ.

ಮೇಜರ್ ಲೀಗ್‌ನ ಹಾಲೋಗ್ರಾಮ್ ಸ್ಟಿಕ್ಕರ್ ಇಲ್ಲ. ಹಾಗಾದ್ರೆ ಅಸಲಿ ಅಲ್ವಾ?

ಆ ಪದ್ಧತಿ ಶುರುವಾದದ್ದೇ 2001ರಲ್ಲಿ. ಈಗ ಪ್ರತಿ ಪಂದ್ಯಕ್ಕೂ ಹಾಲಿ ಅಥವಾ ನಿವೃತ್ತ ಪೊಲೀಸರು ಸಾಕ್ಷಿಯಾಗಿ ಕೂತು, ಮೈದಾನದಿಂದ ಬಂದ ವಸ್ತುವಿಗೆ ಅಲ್ಲೇ ನಂಬರಿನ ಸ್ಟಿಕ್ಕರ್ ಹಚ್ಚುತ್ತಾರೆ. 1955ರ ಬ್ಯಾಟ್‌ಗೆ ಅದು ಇರಲು ಸಾಧ್ಯವೇ ಇಲ್ಲ.

ಸೈಡ್ ರೈಟಿಂಗ್ ಇರೋ ಬ್ಯಾಟ್‌ಗೆ ಯಾಕಷ್ಟು ಹುಚ್ಚು?

ಆಟಗಾರನಿಗೆ ಒಂದು ಬ್ಯಾಟ್ ಕೈಗೆ ಕೂತಿತು ಅಂದುಕೊಳ್ಳಿ. ಅದು ಸೀಳಿದರೆ ಅದನ್ನೇ ಲೂಯಿವಿಲ್‌ಗೆ ಅಂಚೆಯಲ್ಲಿ ಕಳಿಸಿ, ಇಂಥದ್ದೇ ಇನ್ನಷ್ಟು ಮಾಡಿ ಕೊಡಿ ಅನ್ನುತ್ತಿದ್ದ. ಕಾರ್ಖಾನೆಯವರು ಬಂದ ಬ್ಯಾಟ್ ಮೇಲೆ ಮೇಣದ ಪೆನ್ಸಿಲ್‌ನಿಂದ ಆಟಗಾರನ ಹೆಸರು, ಊರು, ತಾರೀಖು ಬರೆದಿಡುತ್ತಿದ್ದರು. ಅದೇ ಸೈಡ್ ರೈಟಿಂಗ್. ಕೆಲವು ಬ್ಯಾಟ್‌ಗಳನ್ನು ಮಾದರಿಯಾಗಿ ತಿಜೋರಿಯಲ್ಲೇ ಇಟ್ಟುಕೊಂಡು, ನಾಬ್ ಮೇಲೆ ಬೇರೆ ಗುರುತು ಒತ್ತಿದರು. ಅದನ್ನು ವಾಲ್ಟ್ ಮಾರ್ಕ್ ಅನ್ನುತ್ತಾರೆ.

1930ಕ್ಕಿಂತ ಹಿಂದಿನ ಬ್ಯಾಟ್‌ಗೆ ತಾಳೆ ನೋಡಲು ಪುಸ್ತಕದ ದಾಖಲೆ ಕಷ್ಟ. ಅಂಥ ಬ್ಯಾಟ್ ಆಟಗಾರನ ಕೈಯಿಂದಲೇ ಬಂತು ಅಂತ ಆವತ್ತೇ, ಮಾರುವ ಉದ್ದೇಶವೇ ಇಲ್ಲದೆ ಯಾರೋ ಬರೆದದ್ದು ಇದು. ಅದಕ್ಕೇ ಇಷ್ಟು ಬೆಲೆ. ಅದಕ್ಕೇ ಇದರ ನಕಲಿಯೂ ಜಾಸ್ತಿ. ಬರಹ ಮಸುಕಾಗಿದೆ ಅಂತ ಮೇಲೆ ತಿದ್ದಿ ಬರೆಯಲು ಹೋಗಬೇಡಿ. ಮಸುಕಾಗಿದ್ದರೂ ವಿಶೇಷ ಬೆಳಕಿನಲ್ಲಿ ಓದುತ್ತಾರೆ. ತಿದ್ದಿದ್ದನ್ನು ಯಾರೂ ನಂಬುವುದಿಲ್ಲ.

ಫೋಟೋ ಮ್ಯಾಚ್ ಹಳೇ ಬ್ಯಾಟ್‌ಗೂ ಆಗುತ್ತಾ?

ಆಗುತ್ತದೆ, ಆದರೆ ಅದೃಷ್ಟ ಬೇಕು. ಮರದ ಎಳೆ ಎರಡು ಬ್ಯಾಟ್‌ನಲ್ಲಿ ಒಂದೇ ತರ ಇರುವುದಿಲ್ಲ. ಗಂಟು, ಎಳೆಯ ಸಾಲು, ಲೇಬಲ್ ಸುಟ್ಟಾಗ ಮಸಿ ಹರಡಿದ ರೀತಿ, ಇವನ್ನು ಹಳೇ ಫೋಟೋದ ಬ್ಯಾಟ್ ಜೊತೆ ಹೋಲಿಸುತ್ತಾರೆ. ತೊಂದರೆ ಏನೆಂದರೆ ಬೀಸುವಾಗ ತೆಗೆದ ಫೋಟೋದಲ್ಲಿ ಬ್ಯಾಟ್ ಮಂಜು. ಆಟಗಾರ ಬ್ಯಾಟ್ ಹಿಡಿದು ಕ್ಯಾಮೆರಾಗೆ ನಿಂತ ಫೋಟೋ, ಅದೂ ದೊಡ್ಡ ಗಾಜಿನ ನೆಗೆಟಿವ್‌ನಿಂದ ತೆಗೆದದ್ದು, ಸಿಕ್ಕರೆ ಕೆಲಸ ಆಗುತ್ತದೆ. ಹೀಗೆ ಫೋಟೋಗೆ ಹೊಂದಿದ, 1920–21ರ ಕಾಲದ ಬೇಬ್ ರೂತ್ ಬ್ಯಾಟ್ ಒಂದು 2023ರಲ್ಲಿ 18.5 ಲಕ್ಷ ಡಾಲರಿಗೆ ಹೋಯಿತು.

## ಮಾರಾಟದ ಪ್ರಶ್ನೆಗಳು

ಬೆಲೆ ಯಾವುದರ ಮೇಲೆ ನಿಲ್ಲುತ್ತೆ?

ಮೊದಲು ಆಟಗಾರ. ಒಂದೆರಡು ಸೀಸನ್ ಆಡಿ ಮರೆಯಾದವನ ಅಸಲಿ ಬ್ಯಾಟ್‌ಗಿಂತ ಹಾಲ್ ಆಫ್ ಫೇಮ್ ಆಟಗಾರನ ಸಾಧಾರಣ ಬ್ಯಾಟ್‌ಗೆ ಎಷ್ಟೋ ಪಾಲು ಜಾಸ್ತಿ ಬರುತ್ತದೆ. ನಂತರ ಸಂದರ್ಭ. ಯಾಂಕಿ ಸ್ಟೇಡಿಯಂ 1923ರಲ್ಲಿ ತೆರೆದ ದಿನ ಬೇಬ್ ರೂತ್ ಅಲ್ಲಿನ ಮೊದಲ ಹೋಮ್ ರನ್ ಹೊಡೆದ ಬ್ಯಾಟ್ 2004ರ ಸದಬಿ ಹರಾಜಿನಲ್ಲಿ 12.65 ಲಕ್ಷ ಡಾಲರ್ ತಂದಿತು. ಅದೇ ಆಟಗಾರನ, ಯಾವ ಪಂದ್ಯ ಅಂತ ಗೊತ್ತಿಲ್ಲದ ಬ್ಯಾಟ್‌ಗಳು ಇದಕ್ಕಿಂತ ಎಷ್ಟೋ ಕಡಿಮೆಗೆ ಹೋಗಿವೆ. ಶೂಲೆಸ್ ಜೋ ಜಾಕ್ಸನ್‌ನ ಬ್ಲ್ಯಾಕ್ ಬೆಟ್ಸಿ ಎಂಬ ಬ್ಯಾಟ್ 2001ರಲ್ಲಿ 5,77,610 ಡಾಲರ್‌ಗೆ ಮಾರಾಟವಾದದ್ದು ಇನ್ನೊಂದು ತರ. ಅದಕ್ಕೆ ಒಂದು ಹೆಸರೇ ಇತ್ತು.

ಹ್ಯಾಂಡಲ್ ಸೀಳಿದ್ದರೆ ಬೆಲೆ ಬಿದ್ದೇ ಹೋಯಿತು ಅಂತ ಹೆದರಬೇಡಿ. ಆಡಿದ ಬ್ಯಾಟ್ ಸೀಳುವುದು ಸಹಜ. ತುಂಡು ಕಾಣೆಯಾಗಿದ್ದರೆ, ಬ್ಯಾಟ್ ಕತ್ತರಿಸಿದ್ದರೆ, ಮತ್ತೆ ಬಣ್ಣ ಹೊಡೆದಿದ್ದರೆ ಮಾತ್ರ ಪೆಟ್ಟು ಜೋರು.

ಈಬೇನಾ, ಹರಾಜಾ, ಡೀಲರ್ ಹತ್ರನಾ?

ಸಾಧಾರಣ ಆಟಗಾರನ ಬ್ಯಾಟ್, ಅಂಗಡಿ ಬ್ಯಾಟ್ ಆದರೆ ಈಬೇ ಸಾಕು. ನಾಬ್, ಲೇಬಲ್, ಬ್ಯಾರೆಲ್, ಪ್ರತಿ ಸೀಳು, ಪೂರ್ತಿ ಉದ್ದ ಎಲ್ಲದರ ಫೋಟೋ ಹಾಕಿ. ಸರ್ಟಿಫಿಕೇಟ್ ಇಲ್ಲದಿದ್ದರೆ ಗೇಮ್ ಯೂಸ್ಡ್ ಅಂತ ಬರೆಯಬೇಡಿ. ಕಂಡದ್ದನ್ನಷ್ಟೇ ಬರೆಯಿರಿ.

ಹೆಸರಾಂತ ಆಟಗಾರನ ಒಳ್ಳೇ ಅಂಕದ ಬ್ಯಾಟ್ ಆದರೆ ಕ್ರೀಡಾ ವಸ್ತುಗಳ ಹರಾಜು ಸಂಸ್ಥೆಯೇ ಸರಿ. ಹೆರಿಟೇಜ್, ಹಂಟ್, ಎಸ್‌ಸಿಪಿ, ಗೋಲ್ಡಿನ್, ರಾಬರ್ಟ್ ಎಡ್ವರ್ಡ್, ಇವೆಲ್ಲ ಬ್ಯಾಟ್‌ಗಳನ್ನು ಮಾರಿವೆ. ಇಬ್ಬರು ಮೂವರಿಗೆ ಒಂದೇ ಫೋಟೋ ಕಳಿಸಿ ಕೇಳಿ. ಯಾರು ಜಾಸ್ತಿ ಅಂದಾಜು ಹೇಳಿದರು ಅನ್ನುವುದಕ್ಕಿಂತ, ಯಾರು ಕಾರಣ ಕೊಟ್ಟು ಹೇಳಿದರು ಅಂತ ನೋಡಿ.

ಡೀಲರ್ ಕೈಗೆ ಕೊಟ್ಟರೆ ದುಡ್ಡು ಇವತ್ತೇ ಬರುತ್ತದೆ, ಕಡಿಮೆ ಬರುತ್ತದೆ. ಅರ್ಜೆಂಟ್ ಇಲ್ಲದಿದ್ದರೆ ಬೇಡ.

ಹರಾಜಲ್ಲಿ ಹನ್ನೆರಡು ಸಾವಿರ ಅಂತ ಬಂದ್ರೆ ನನ್ನ ಕೈಗೆ ಎಷ್ಟು?

ಪತ್ರಿಕೆಯಲ್ಲಿ ಬರುವ ಬೆಲೆಯಲ್ಲಿ ಸಾಮಾನ್ಯವಾಗಿ ಬೈಯರ್ಸ್ ಪ್ರೀಮಿಯಂ ಸೇರಿರುತ್ತದೆ. ಅದು ಕೊಂಡವರು ಸಂಸ್ಥೆಗೆ ಮೇಲೆ ಕೊಡುವ ಹಣ. ಶೇಕಡಾ 20 ಅಂತ ಇಟ್ಟುಕೊಂಡರೆ, ಕೂಗು ನಿಂತದ್ದು 10,000 ಡಾಲರ್‌ಗೆ, ಕೊಂಡವರು ಕೊಟ್ಟದ್ದು 12,000. ನಿಮ್ಮ ಲೆಕ್ಕ ಶುರುವಾಗುವುದು 10,000ದಿಂದ. ಅದರಲ್ಲಿ ಮಾರುವವರ ಕಮಿಷನ್ ಹೋಗುತ್ತದೆ. ಇದಕ್ಕೆ ಚೌಕಾಸಿ ಮಾಡಬಹುದು. ಒಳ್ಳೇ ಬ್ಯಾಟ್ ಆದರೆ ಸೊನ್ನೆಗೂ ಇಳಿಯುತ್ತಾರೆ. ಫೋಟೋ, ವಿಮೆ, ಸರ್ಟಿಫಿಕೇಟ್ ಖರ್ಚು ಯಾರದ್ದು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಆಮೇಲೆ ತೆರಿಗೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಇಂಥ ಸಂಗ್ರಹದ ವಸ್ತುವಿನ ಲಾಭಕ್ಕೆ ಅಮೆರಿಕದ ಕೇಂದ್ರ ತೆರಿಗೆ ಶೇಕಡಾ 28ರವರೆಗೆ ಇರಬಹುದು, ಷೇರಿಗಿಂತ ಜಾಸ್ತಿ. ಕೊಂಡ ರಸೀದಿ ಬಿಸಾಡಬೇಡಿ.

ಹರಾಜಲ್ಲಿ ಸುಳ್ಳು ಕೂಗು ಇರುತ್ತಂತೆ, ನಿಜಾನಾ?

ಇದ್ದದ್ದು ಕೋರ್ಟಿನಲ್ಲೇ ಸಾಬೀತಾಗಿದೆ. ಒಂದು ಕಾಲದಲ್ಲಿ ಈ ವ್ಯಾಪಾರದ ದೊಡ್ಡ ಹೆಸರಾಗಿದ್ದ ಮಾಸ್ಟ್ರೋ ಆಕ್ಷನ್ಸ್‌ನ ಬಿಲ್ ಮಾಸ್ಟ್ರೋ 2013ರಲ್ಲಿ ವಂಚನೆಯ ತಪ್ಪು ಒಪ್ಪಿಕೊಂಡರು. ಬೆಲೆ ಏರಿಸಲು ಸುಳ್ಳು ಕೂಗು ಹಾಕಿಸಿದ್ದು ಅದರ ಭಾಗ. 2015ರಲ್ಲಿ 20 ತಿಂಗಳ ಜೈಲು ಶಿಕ್ಷೆಯಾಯಿತು. ಅಂದಮೇಲೆ ಹಳೇ ಹರಾಜಿನ ಬೆಲೆಗಳನ್ನು ಮಂತ್ರದಂತೆ ಜಪಿಸಬೇಡಿ, ಹತ್ತಿರದ ವರ್ಷಗಳ ಹಲವು ಮಾರಾಟ ನೋಡಿ. ನಿಮ್ಮ ಬ್ಯಾಟ್ ಮೇಲೆ ನೀವೇ ಸ್ನೇಹಿತರಿಂದ ಕೂಗು ಹಾಕಿಸುವುದೂ ಇದೇ ಅಪರಾಧ. ತಮಾಷೆ ಅಲ್ಲ.

ಬ್ಯಾಟ್ ಮೇಲೆ ಪೆನ್ನಿನ ಆಟೋಗ್ರಾಫೂ ಇದೆ. ಬೆಲೆ ಡಬಲ್ ಆಗುತ್ತಾ?

ಅದು ಬೇರೆಯದೇ ಪರೀಕ್ಷೆ. ಬ್ಯಾಟ್ ಅಸಲಿ, ಸಹಿ ನಕಲಿ ಆಗಿರಬಹುದು. ಸಹಿ ಅಸಲಿ, ಬ್ಯಾಟ್ ಅಂಗಡಿಯದ್ದೂ ಆಗಿರಬಹುದು. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಹೆಸರಲ್ಲಿ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಹಿಡಿಯಿತು. ಆ ಕಾಲದಲ್ಲಿ ಮಾರಿದ ಸಹಿಗಳನ್ನು ಕೊಳ್ಳುವವರು ಇವತ್ತಿಗೂ ಭೂತಕನ್ನಡಿ ಹಿಡಿದೇ ನೋಡುತ್ತಾರೆ. ನಕಲಿ ಸಹಿ ಅಸಲಿ ಬ್ಯಾಟ್‌ನ ಬೆಲೆಯನ್ನೂ ಇಳಿಸುತ್ತದೆ.

ಬ್ಯಾಟ್ ಕಳಿಸೋದು, ಊರಿಗೆ ತಗೊಂಡು ಹೋಗೋದು ಹೇಗೆ?

ಬ್ಯಾಟ್‌ಗೆ ನೇರವಾಗಿ ಟೇಪ್ ಅಂಟಿಸಬೇಡಿ. ಆಮ್ಲವಿಲ್ಲದ ಕಾಗದ ಸುತ್ತಿ, ಮೇಲೆ ಬಬಲ್ ರ‍್ಯಾಪ್, ಆಮೇಲೆ ಗಟ್ಟಿ ಕೊಳವೆ ಅಥವಾ ಉದ್ದ ಪೆಟ್ಟಿಗೆ. ನಾಬ್ ಮತ್ತು ತುದಿ ಅಲುಗಾಡಬಾರದು. ಪೂರ್ತಿ ಬೆಲೆಗೆ ವಿಮೆ ಮಾಡಿಸಿ, ಸಹಿ ಮಾಡಿ ಪಡೆಯುವಂತೆ ಕಳಿಸಿ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಬೇಸ್‌ಬಾಲ್ ಬ್ಯಾಟ್ ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಚೆಕ್-ಇನ್ ಮಾಡಬೇಕು. ಬೆಂಗಳೂರಿಗೆ ತಂದು ಮಾರುವ ಯೋಚನೆ ಇದ್ದರೆ ಕೈಬಿಡಿ. ಕೊಳ್ಳುವವರು ಇರುವುದು ಅಲ್ಲೇ.

ಒಳಗೆ ಕಾರ್ಕ್ ತುಂಬಿದ ಬ್ಯಾಟ್ ಅಂತ ಗೊತ್ತಾದ್ರೆ ಏನು ಮಾಡೋದು?

ಬ್ಯಾರೆಲ್ ತುದಿಯಲ್ಲಿ ತೂತು ಕೊರೆದು, ಕಾರ್ಕ್ ತುಂಬಿ, ಮರದ ಪುಡಿ ಅಂಟಿಸಿ ಮುಚ್ಚಿದ ಬ್ಯಾಟ್‌ಗಳಿವೆ. ಬ್ಯಾಟ್ ಹಗುರವಾಗಲಿ ಅಂತ ಮಾಡುವ, ನಿಯಮಕ್ಕೆ ವಿರುದ್ಧವಾದ ಕೆಲಸ ಅದು. 1994ರಲ್ಲಿ ಆಲ್ಬರ್ಟ್ ಬೆಲ್‌ನ ಬ್ಯಾಟನ್ನು ಅಂಪೈರ್ ವಶಪಡಿಸಿಕೊಂಡಾಗ, ಅವನ ತಂಡದ ಒಬ್ಬ ಆಟಗಾರ ಚಾವಣಿಯೊಳಗೆ ತೆವಳಿಕೊಂಡು ಹೋಗಿ ಬ್ಯಾಟ್ ಬದಲಿಸಿ ಬಂದಿದ್ದ. 2003ರ ಜೂನ್ 3ರಂದು ಸ್ಯಾಮಿ ಸೋಸಾನ ಬ್ಯಾಟ್ ಮುರಿದು ಕಾರ್ಕ್ ಹೊರಬಿತ್ತು. ಅವನ ಉಳಿದ 76 ಬ್ಯಾಟ್‌ಗಳನ್ನು ಎಕ್ಸ್‌ರೇ ಮಾಡಿದರು, ಯಾವುದರಲ್ಲೂ ಏನೂ ಸಿಗಲಿಲ್ಲ.

ಮಾರುವವರಿಗೆ ಎಕ್ಸ್‌ರೇಯ ಉಪಯೋಗ ಕಾರ್ಕ್ ಹುಡುಕುವುದಕ್ಕಿಂತ ಬೇರೆ ಕಡೆ ಜಾಸ್ತಿ. ಸೀಳಿದ ಹ್ಯಾಂಡಲ್‌ಗೆ ಹಿಂದೆ ಯಾರಾದರೂ ಮೊಳೆ, ಸ್ಕ್ರೂ ಹಾಕಿ ಮುಚ್ಚಿದ್ದರೆ, ಎರಡು ಬ್ಯಾಟ್‌ನ ತುಂಡು ಸೇರಿಸಿ ಒಂದು ಮಾಡಿದ್ದರೆ ಅದು ಅಲ್ಲಿ ಕಾಣುತ್ತದೆ. ದುಬಾರಿ ಬ್ಯಾಟ್ ಆದರೆ ಹರಾಜಿಗೆ ಕೊಡುವ ಮೊದಲು ಮಾಡಿಸಿ, ಚಿತ್ರವನ್ನು ಬ್ಯಾಟ್ ಕಾಗದಗಳ ಜೊತೆ ಇಡಿ. ಕಾರ್ಕ್ ಕಂಡರೂ ಮುಚ್ಚಿಡಬೇಡಿ, ವಿವರಣೆಯಲ್ಲಿ ಬರೆಸಿ. ಪಂದ್ಯದಲ್ಲಿ ಆಡಿದ್ದು ಅಂತ ಗಟ್ಟಿಯಾದ ದಾಖಲೆ ಇದ್ದರೆ, ಅಂಥ ಬ್ಯಾಟನ್ನೇ ಹುಡುಕಿಕೊಂಡು ಬರುವವರೂ ಇದ್ದಾರೆ.